ಹಕ್ಕಿ ಕಚ್ಚಿದ ಪೇರಲ

ದಾವಣಗೆರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿಗೆ ಹೊಳೆಯುವ ಹಣ್ಣೆಂದರೆ ಭಯ. ಸೇಬನ್ನು ಉಗುರಿನಿಂದ ಕೆರೆದು ಮೇಣ ಹುಡುಕುತ್ತಿದ್ದರು. ಬಾಳೆಹಣ್ಣು ಒಂದೇ ಸಮ ಹಳದಿಯಾಗಿದ್ದರೆ ಹಣ್ಣಾಗಿಸುವ ಪುಡಿ ಹಾಕಿದ್ದಾರೆಂದು ಮುಟ್ಟುತ್ತಲೇ ಇರಲಿಲ್ಲ. ಪಕ್ಕದ ಹಳ್ಳಿ ಬಾತಿಯ ಪೇರಲ ಗಾಡಿ ಬಂದರೆ ಮಾತ್ರ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಇಳಿದು ಬರುತ್ತಿದ್ದರು.

"ಹಕ್ಕಿ ಕಚ್ಚಿದ್ದು ಆರಿಸಿ ಕೊಡಪ್ಪಾ. ವಿಷ ಇದ್ರೆ ಹಕ್ಕಿ ಮುಟ್ಟಲ್ಲ."

ಕಚ್ಚಿದ ಭಾಗವನ್ನು ಕೊಯ್ದು ಬಿಸಾಡಿ, ಉಳಿದದ್ದನ್ನು ಮೊಮ್ಮಗಳ ಬಾಯಿಗೆ ತಾವೇ ಇಡುತ್ತಿದ್ದರು.

ಒಂದು ಸಂಜೆ ಟಿವಿಯಲ್ಲಿ ಬಾವಲಿಯಿಂದ ಹರಡುವ ಜ್ವರದ ಸುದ್ದಿ ಬಂತು. ಕಚ್ಚಿದ ಗುರುತಿರುವ ಹಣ್ಣು ತಿನ್ನಬೇಡಿ ಎಂದು ಸುದ್ದಿಯಲ್ಲಿ ಹೇಳಿದರು. ಬೆಳಗ್ಗೆ ಗಾಡಿ ಬರುವುದನ್ನೇ ಅಜ್ಜಿ ಕಾಯುತ್ತಿದ್ದರು.

"ನಿನ್ನೆ ಕೊಟ್ಟಿದ್ದನ್ನ ಕಚ್ಚಿದ್ದು ಹಕ್ಕಿನೇ ಹೌದಾ?"

"ಹಕ್ಕಿನೋ ಬಾವಲಿನೋ, ನಂಗೆ ಹೆಂಗೆ ಗೊತ್ತಾಗ್ಬೇಕಜ್ಜಿ? ಮುಂಜಾನೆ ನೋಡಿದ್ರೆ ಮರದಾಗ ಕಚ್ಚಿರ್ತಾವೆ. ಬ್ಯಾರೆ ಯಾರೂ ಒಯ್ಯಲ್ಲ, ನಿಮಗಂತಾನೇ ಎತ್ತಿಡ್ತೀನಿ."

ಅಜ್ಜಿ ಅವನನ್ನು ಬೈಯಲಿಲ್ಲ. ಆಡುತ್ತಿದ್ದ ಮೊಮ್ಮಗಳನ್ನು ಹಿಡಿದು ನಿಲ್ಲಿಸಿ ಹಣೆ ಮುಟ್ಟಿದರು, ಕತ್ತು ಮುಟ್ಟಿದರು, ಮತ್ತೆ ಹಣೆ ಮುಟ್ಟಿದರು. ಆಮೇಲೆ ಗಾಡಿಯ ಹತ್ತಿರ ನಿಂತಿದ್ದ ನನ್ನ ಕಡೆ ತಿರುಗಿದರು.

"ಮೈ ಬಿಸಿ ಐತೇನು, ನೀನು ಮುಟ್ಟಿ ನೋಡವ್ವಾ. ನನ್ನ ಕೈಯೇ ತಣ್ಣಗಾಗೈತೆ."