ಅಂಗೈ ಬಿಸಿ

ಹಂಚಿನ ಕಾರ್ಖಾನೆಯ ಕೊಂಬು ಏಳು ಗಂಟೆಗೆ ಊರಿಡೀ ಕೇಳುವಂತೆ ಕೂಗಿದಾಗ ಚೆನ್ನಪ್ಪ ಬಲ್ಮಠದ ಗುಡ್ಡದಲ್ಲಿ ಒಂದು ಕಲ್ಲಿನೆದುರು ಕುಕ್ಕರಗಾಲಲ್ಲಿ ಕೂತಿದ್ದ. ಹನ್ನೆರಡು ವರ್ಷ ಆ ಕೂಗಿಗೆ ಓಡಿದ ಕಾಲುಗಳು ಈಗಲೂ ಒಮ್ಮೆ ಅದುರಿದವು. ಓತಿಕ್ಯಾತಗಳು, ಊರವರ ಬಾಯಲ್ಲಿ ಓಂತಿಗಳು, ಮಾತ್ರ ಯಾರ ಕೂಗಿಗೂ ಏಳುವವಲ್ಲ. ಮೊದಲು ಕಲ್ಲು ಬೆಚ್ಚಗಾಗಬೇಕು. ಆಮೇಲೆ ಬಿರುಕಿನಿಂದ ಕಪ್ಪಗೆ ಹೊರಬಂದು, ಹೊಟ್ಟೆಯನ್ನು ಕಲ್ಲಿಗೊತ್ತಿ, ಪಕ್ಕೆಯನ್ನು ಸೂರ್ಯನಿಗೊಡ್ಡಿ ಮಲಗುತ್ತವೆ. ಮೈ ಕಾದಂತೆ ಬಣ್ಣ ತಿಳಿಯಾಗುತ್ತದೆ, ಕಾಲು ಚುರುಕಾಗುತ್ತದೆ. ಬಿಸಿಲು ನೆತ್ತಿಗೇರಿದರೆ ಮತ್ತೆ ಬಿರುಕಿನ ನೆರಳು.

ಅವನ್ನು ಹಿಡಿದು ತರಲು ಚೆನ್ನಪ್ಪನನ್ನು ಇಟ್ಟುಕೊಂಡವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಚಿತ್ತರಂಜನ ರೈಗಳು. ಅವರ ಮನೆ ಗುಡ್ಡದ ಬುಡದಲ್ಲಿ. ಬಿಸಿಲಿಗಿಳಿದು ಶಾಸ್ತ್ರ ಮಾಡುವ ಪದ್ಧತಿ ಆ ಮನೆತನದಲ್ಲಿರಲಿಲ್ಲ. ಬೆಳಗ್ಗೆ ಜಗಲಿಯಲ್ಲಿ ಮೈ ಕಾಯಿಸಿಕೊಳ್ಳುವರು, ಹತ್ತಕ್ಕೆ ಬೆತ್ತದ ಕುರ್ಚಿ ಮಾವಿನ ನೆರಳಿಗೆ ಬರುವುದು, ಹನ್ನೆರಡಕ್ಕೆ ಒಳಕೋಣೆಗೆ. ಚೆನ್ನಪ್ಪ ಮುಷ್ಟಿಯಲ್ಲಿ ಓತಿಕ್ಯಾತ ಹಿಡಿದು ಗುಡ್ಡ ಇಳಿದು ಬಂದರೆ, ಅವರು ಅದರ ಬಾಯಿಗೆ ಥರ್ಮಾಮೀಟರ್ ಇಟ್ಟು ನೋಡುವರು. ಬೆಳಗ್ಗೆ ತೊಂಬತ್ತೈದು ಡಿಗ್ರಿ. ಮಧ್ಯಾಹ್ನ ತೊಂಬತ್ತೈದು. ಮೋಡ ಕವಿದ ದಿನವೂ ತೊಂಬತ್ತೈದು. ಓತಿಕ್ಯಾತದ ಮೈಬಿಸಿ ಮನುಷ್ಯನಂತೆ ಸ್ಥಿರವೆಂದು ರೈಗಳು ನಲವತ್ತು ಪುಟ ಬರೆದರು.

ಆ ಬರಹ ಮದರಾಸಿನ ವಿಶ್ವವಿದ್ಯಾಲಯಕ್ಕೆ ಹೋದರೆ ಚೆನ್ನಪ್ಪನಿಗೆ ಕಾಲೇಜಿನಲ್ಲಿ ಖಾಯಂ ಜವಾನನ ಕೆಲಸ, ಎದೆಗೆ ಹಿತ್ತಾಳೆಯ ಬಿಲ್ಲೆ. ಬಿಲ್ಲೆಯ ಭಾರಕ್ಕೆ ಹರಿಯದಿರಲೆಂದು ಹೆಂಡತಿ ದೇಯಿ ಅವನ ಕೋಟಿನ ಎಡಗಡೆಗೆ ಎರಡು ಪದರ ಬಟ್ಟೆ ಹೊಲಿದಿಟ್ಟಿದ್ದಳು.

ಆ ದಿನ ಹತ್ತು ಗಂಟೆಗೆ ರೈಗಳು ಅವನನ್ನು ಮಾವಿನಡಿಗೆ ಕರೆದರು. ಗೇಣಿಚೀಟಿಗೆ ಒಕ್ಕಲುಗಳ ಹೆಬ್ಬೆಟ್ಟು ಒತ್ತಿಸಿಕೊಂಡೇ ಬಂದ ಮನೆತನ. ಶಾಸ್ತ್ರಕ್ಕೂ ಒಂದು ಹೆಬ್ಬೆಟ್ಟಿಲ್ಲದೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ.

"ಇಲ್ಲಿ ಒತ್ತು ಮಾರಾಯ. ಅಳೆಯುವಾಗ ನೀನಿದ್ದಿ ಅಂತ ಸಾಕ್ಷಿ."

"ಇದ್ದೆ ಧನಿಗಳೇ. ಸ್ವಲ್ಪ ಹೆಚ್ಚೇ ಇದ್ದೆ."

"ಎಂತ ಹಾಗೆಂದರೆ?"

ಚೆನ್ನಪ್ಪ ಥರ್ಮಾಮೀಟರನ್ನು ತನ್ನ ಖಾಲಿ ಮುಷ್ಟಿಯೊಳಗೆ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು ಚಾಚಿದ. "ಎಷ್ಟುಂಟು ನೋಡಿ."

"ತೊಂಬತ್ತೈದು."

"ಇದರಲ್ಲಿ ಓಂತಿ ಇಲ್ಲ."

ರೈಗಳು ಪುಟಗಳನ್ನು ನೋಡಿದರು. "ನಲವತ್ತು ಪುಟ ಆಯಿತಲ್ಲ ಮಾರಾಯ! ಇನ್ನು ಓಂತಿಯೇ ಸ್ವಲ್ಪ ಹೊಂದಿಕೊಂಡು ಹೋಗಲಿ."

"ಅದು ಕೇಳುವುದಿಲ್ಲ. ನೀವು ಮೇಲೆ ಬನ್ನಿ, ಹಿಡಿದ ಕೂಡಲೇ ಕಲ್ಲಿನ ಹತ್ತಿರವೇ ನೋಡುವ."

"ಈ ಬಿಸಿಲಲ್ಲಾ? ನಿನಗೆ ಬಿಲ್ಲೆ ಬೇಡವಾ?"

ಚೆನ್ನಪ್ಪ ಕೋಟಿನ ಎಡಗಡೆ ಮುಟ್ಟಿಕೊಂಡ. ಬೇಕಿತ್ತು. ಆದರೆ ಹೆಬ್ಬೆರಳು ಮಸಿಯತ್ತ ಹೋಗಲೊಲ್ಲದು. ಬೆಳಗಿನ ಆ ತಣ್ಣನೆಯ ಪುಟ್ಟ ಮೈಗಳು ತನ್ನಡಿಯಲ್ಲೇ ಮೆಲ್ಲಗೆ ಬೆಚ್ಚಗಾದದ್ದು ಆ ಬೆರಳಿಗೆ ಗೊತ್ತಿತ್ತು.

"ಖಾಯಂ ಆದರೆ ಪಿಂಚಣಿ ಉಂಟು, ದೀಪಾವಳಿಗೆ ಹೊಸ ಕೋಟು ಉಂಟು..." ರೈಗಳು ಹೇಳುತ್ತಲೇ ಇದ್ದರು. ಚೆನ್ನಪ್ಪ ಥರ್ಮಾಮೀಟರನ್ನು ಕೈಬಿಸಿ ತಾಗದಂತೆ ತುದಿಬೆರಳಲ್ಲಿ ಹಿಡಿದು ಗುಡ್ಡದ ದಾರಿ ಹತ್ತಿದ. ರೈಗಳು ಎದ್ದು ಮಾವಿನ ನೆರಳಿನ ಅಂಚಿನವರೆಗೂ ಬಂದರು. ಒಂದು ಕಾಲು ಬಿಸಿಲಿಗಿಟ್ಟು, ಹಿಂದೆಗೆದುಕೊಂಡರು.

"ಚೆನ್ನಪ್ಪಾ, ಕೊಡೆಯೂ ಕೊಡಿಸ್ತೇನೆ, ಕೇಳಿತಾ? ಕರೀ ಬಟ್ಟೆಯದ್ದು..."

ಅವನು ಆಗಲೇ ತಿರುವು ದಾಟಿದ್ದ.