ಹುಟ್ಟಿನ ಅನುಭವ ಇರುವವರು ಬೇಕು

ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಮುಚ್ಚಳ ಎನ್ನುತ್ತಿದ್ದರು. ಅದು ತಗಡಿನ ಡಬ್ಬಿ ಮಾಡುವ ಕಾರ್ಖಾನೆ. ಇಪ್ಪತ್ತೊಂಬತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತು ಡಬ್ಬಿಗೆ ಮುಚ್ಚಳ ಒತ್ತಿದವರು. ಹೆಸರು ಕೆಲಸದಿಂದ ಬಂದದ್ದೋ ಬಾಯಿಂದ ಬಂದದ್ದೋ ಹೇಳುವುದು ಕಷ್ಟ. ಬಾಯಿಗೂ ಮುಚ್ಚಳ ಹಾಕಿಕೊಂಡೇ ಇದ್ದರು. ಯಂತ್ರದ ಸದ್ದಿಗೆ ಕಿವಿ ಮುಕ್ಕಾಲು ಹೋಗಿತ್ತು. ತಾವು ಆಡಿದ್ದು ತಮಗೇ ಕೇಳದ ಮೇಲೆ ಆಡಿ ಏನಾಗಬೇಕು ಎಂದು ಮಾತು ಬಿಟ್ಟಿದ್ದರು. ಮನೆಯಲ್ಲಿ ದಿನಕ್ಕೆ ನಾಲ್ಕು ಮಾತು. ಹೆಂಡತಿ ಎಣಿಸಿದ್ದಳು. "ಬಂದೆ." "ಹೂಂ." "ಸಾಕು." "ದೀಪ ಆರಿಸು."

"ಯಾರ ಹತ್ರ ಸಂಸಾರ ಮಾಡ್ತಿದೀಯೇ, ಗೋಡೆ ಹತ್ರಾನಾ?" ಎಂದು ಅವಳ ಅಕ್ಕ ಕೇಳುತ್ತಿದ್ದಳು.

"ಗೋಡೆಯಾದ್ರೆ ಮೊಳೆನಾದ್ರೂ ಹೊಡೀಬೋದಿತ್ತು," ಎನ್ನುತ್ತಿದ್ದಳು ಅವಳು.

ಆದರೆ ಭಾನುವಾರದ ಮುಚ್ಚಳ ಬೇರೆ. ಕಾರ್ಖಾನೆಯವರಿಗೆ ಊರಾಚೆಯ ಕೆರೆಯಲ್ಲಿ ಒಂದು ಡ್ರ್ಯಾಗನ್ ದೋಣಿ ಇತ್ತು. ಬಸ್ಸಿನಷ್ಟು ಉದ್ದ, ಬೆಂಚಿನಷ್ಟು ಅಗಲ. ಮೂತಿಗೆ ಮರದ ತಲೆ, ಅದಕ್ಕೆ ಹಲ್ಲು, ಹೊರಗೆ ಬಿದ್ದ ಕಣ್ಣು, ಎರಡು ಕೊಂಬು. ಒಂದು ಕೊಂಬು ಮುರಿದು ಎಷ್ಟೋ ವರ್ಷವಾಗಿತ್ತು. ಅಲ್ಲಿ ತಗಡಿನದೊಂದನ್ನು ಸುತ್ತಿ ಸಿಕ್ಕಿಸಿದ್ದರು. ಇಬ್ಬಿಬ್ಬರಂತೆ ಹತ್ತು ಸಾಲು ಕೂತು ಇಪ್ಪತ್ತು ಜನ ಹುಟ್ಟು ಹಾಕಬೇಕು. ಹಿಂದೆ ಒಬ್ಬ ನಿಂತು ದಿಕ್ಕು ಹಿಡಿಯಬೇಕು. ಅದು ಮೇಸ್ತ್ರಿಯ ಕೆಲಸ. ಮುಂದೆ ಒಬ್ಬ ಇಪ್ಪತ್ತೂ ಜನರಿಗೆ ಮುಖ ಮಾಡಿ ಕೂತು ಡೋಲು ಬಡಿಯಬೇಕು, ಲೆಕ್ಕ ಕೂಗಬೇಕು. ಅದು ಮುಚ್ಚಳ.

ಮೊದಲ ಸಲ, ಅವರು ಮರೆತುಹೋದ ಊಟದ ಡಬ್ಬಿ ಕೊಡಲು ಅವಳು ಕೆರೆಗೆ ಹೋಗಿದ್ದಳು. ನೀರಿನ ಮೇಲಿಂದ ಯಾರೋ ಗಂಟಲು ಹರಿದುಕೊಳ್ಳುತ್ತಿದ್ದರು. "ಒಂದು! ಎರಡು! ಎಳೀರೋ! ಸತ್ತಿದೀರೇನ್ರೋ!" ಯಾರಪ್ಪಾ ಈ ಬಾಯಿಬಡುಕ ಎಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ತನ್ನ ಗಂಡ. ಡಬ್ಬಿ ಹಿಡಿದು ನಿಂತಲ್ಲೇ ಒಂದು ಗಂಟೆ ನಿಂತಳು. ಅಂದಿನಿಂದ ಪ್ರತಿ ಭಾನುವಾರ ಹೊಲಿಗೆ ಹಿಡಿದು ದಡದಲ್ಲಿ ಕೂರುವುದು ಅವಳ ರೂಢಿ. ಅಂಗಿಗೆ ಗುಂಡಿ ಹಾಕಲು ಎಂದು ಹೇಳುತ್ತಿದ್ದಳು. ಆ ಬೈಗುಳ ಕೇಳಲು ಹೋಗುತ್ತಿದ್ದಳು.

ಹನ್ನೊಂದು ವರ್ಷ ಪಂದ್ಯಕ್ಕೆ ಇಳಿದರು. ಹನ್ನೊಂದು ಸಲವೂ ಕೊನೆಯವರು. ಒಂದು ವರ್ಷ ಬಾತುಕೋಳಿಯೊಂದು ಮರಿಗಳ ಸಮೇತ ಇವರನ್ನು ಹಿಂದೆ ಹಾಕಿ ಹೋಯಿತು.

ಹನ್ನೆರಡನೆಯ ವರ್ಷ ನಾಲ್ಕು ಜನ ಉದುರಿದರು. ಒಬ್ಬನಿಗೆ ಭುಜ ಹಿಡಿಯಿತು. ಒಬ್ಬ ಮಗಳ ಊರಿಗೆ ಹೋದ. ಇನ್ನಿಬ್ಬರು ಬಲಗಡೆ ಯಾರು ಕೂರಬೇಕೆಂದು ಜಗಳವಾಡಿ ಇಬ್ಬರೂ ಎದ್ದು ಹೋದರು. ಅದೇ ವಾರ ಕೆರೆಯ ಸಮಿತಿಯಿಂದ ಕಾಗದ ಬಂತು. ಈ ಸಲ ಇಪ್ಪತ್ತು ಜನ ಕೂತು ಗುರಿ ದಾಟದಿದ್ದರೆ ಸಮಿತಿಯ ದೋಣಿಯನ್ನು ಬ್ಯಾಂಕಿನವರ ತಂಡಕ್ಕೆ ಕೊಡಲಾಗುವುದು, ಅವರು ಮೂರು ವರ್ಷದಿಂದ ಕಾಯುತ್ತಿದ್ದಾರೆ. ಕೆಳಗೆ ಒಂದು ಸಾಲು: ಹವ್ಯಾಸಿ ತಂಡಗಳು ಹೊರಗಿನ ಅನುಭವಸ್ಥರನ್ನು ನಾಲ್ಕು ಜನರವರೆಗೆ ಸೇರಿಸಿಕೊಳ್ಳಬಹುದು.

ಮುಚ್ಚಳ ಕಾಗದ ಓದಿ ಜೇಬಿಗೆ ಹಾಕಿಕೊಂಡರು. ಆ ದಿನ ನಾಲ್ಕು ಮಾತೂ ಆಡಲಿಲ್ಲ. ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ತಾವೇ ಎದ್ದು ದೀಪ ಆರಿಸಿದರು. ಆಗ ಅವಳಿಗೆ ಭಯವಾಯಿತು. ದೋಣಿ ಹೋದರೆ ಈ ಮನುಷ್ಯ ಪೂರ್ತಿ ಮುಚ್ಚಿಕೊಳ್ಳುತ್ತಾರೆ, ಆಮೇಲೆ ತೆಗೆಯುವ ಸಾಧನ ತನ್ನ ಹತ್ತಿರ ಇಲ್ಲ.

ನಾಲ್ಕನೆಯ ದಿನ ಅವರು ಕಾರ್ಖಾನೆಯಿಂದ ಒಂದು ಕಟ್ಟು ಲೇಬಲ್ ತಂದರು. ಮೀನಿನ ಡಬ್ಬಿಗೆ ಅಂಟಿಸುವಂಥವು, ಅಚ್ಚು ತಪ್ಪಿ ಬಿಸಾಡಿದ್ದು. ಹಿಂಬದಿ ಖಾಲಿ. ನಾಲ್ಕು ಬೆರಳು ಅಗಲ.

"ಬರಿ," ಎಂದರು.

ಅವಳು ನಾಲ್ಕನೆಯ ಕ್ಲಾಸಿನವರೆಗೆ ಓದಿದವಳು. ಅಕ್ಷರ ದುಂಡಗೆ, ದೊಡ್ಡದು. ಅವರು ಹೇಳಿದ್ದು ಇಷ್ಟು: ದೋಣಿ ಪಂದ್ಯಕ್ಕೆ ಹುಟ್ಟು ಹಾಕಿ ಅನುಭವ ಇರುವ ಹೊರಗಿನವರು ನಾಲ್ಕು ಜನ ಬೇಕಾಗಿದ್ದಾರೆ. ಅಷ್ಟಕ್ಕೆ ಮೀನಿನ ಲೇಬಲ್ಲಿನಲ್ಲಿ ಜಾಗವಿಲ್ಲ. ಅವಳು ಕತ್ತರಿಸಿ ಬರೆದಳು: "ಹುಟ್ಟಿನ ಅನುಭವ ಇರುವವರು ಬೇಕು. ನಾಲ್ಕು ಜನ. ಭಾನುವಾರ ಏಳು ಗಂಟೆ. ಕೆರೆ ಹತ್ತಿರ."

ಮುಚ್ಚಳ ಓದಿದರು. "ದೋಣಿ ಎಲ್ಲೇ?"

"ಕೆರೆ ಹತ್ರ ಅಂದ್ಮೇಲೆ ದೋಣಿ ಅಲ್ದೆ ರೈಲು ಬರತ್ತಾ?"

ಅರವತ್ತು ಲೇಬಲ್ ಬರೆದಳು. ಇಬ್ಬರೂ ಹೋಗಿ ಕಂಬ, ಬಸ್‌ಸ್ಟಾಪು, ಆಸ್ಪತ್ರೆಯ ಗೋಡೆ, ಕಚೇರಿಯ ಗೇಟು, ಕಂಡ ಕಂಡಲ್ಲೆಲ್ಲ ಅಂಟಿಸಿ ಬಂದರು.

ಭಾನುವಾರ ಏಳಕ್ಕೆ ಐದು ನಿಮಿಷ ಇರುವಾಗಲೇ ಒಬ್ಬ ಹೆಂಗಸು ಏದುಸಿರು ಬಿಡುತ್ತ ಓಡಿಬಂದಳು. ಅರವತ್ತು ದಾಟಿದವಳು, ಗಟ್ಟಿ ಆಳು, ಕೈಯಲ್ಲಿ ಚರ್ಮದ ಚೀಲ.

"ಎಲ್ಲಿ? ನೋವು ಶುರುವಾಗಿ ಎಷ್ಟ್ ಹೊತ್ತಾಯ್ತು?"

ಎಲ್ಲರೂ ಪಿಳಿಪಿಳಿ ಕಣ್ಣು ಬಿಟ್ಟರು.

"ಹೆರಿಗೆ ಆಸ್ಪತ್ರೇಲಿ ಮೂವತ್ತೆಂಟು ವರ್ಷ ದಾದಿ ನಾನು. ನಾಲ್ಕು ಜನ ಅಂತ ಬರ್ದಿದೀರಿ. ಒಂದೇ ದಿನ ನಾಲ್ಕು ಹೆರಿಗೆ, ಅದೂ ಕೆರೆ ದಡದಲ್ಲಿ! ಎಂಥ ಜನಪ್ಪ ಅಂತ ಬೈಕೊಂಡೇ ಬಂದೆ. ಬಸುರಿಯರು ಎಲ್ಲಿ?"

"ಬಸುರಿಯರು ಯಾರೂ ಇಲ್ಲ ದಾದಿಯಮ್ಮ," ಎಂದ ಮೇಸ್ತ್ರಿ. "ಹೊಟ್ಟೆ ಇರೋರು ಬೇಕಾದ್ರೆ ಹದಿನಾರು ಜನ ಇದೀವಿ."

ಅವನ ನಗು ನಿಲ್ಲುವಷ್ಟರಲ್ಲಿ ಎರಡನೆಯವನು ಬಂದ. ಹಾಸ್ಟೆಲಿನ ಅಡುಗೆಯವನು. ಹೆಗಲ ಮೇಲೆ ಆಳೆತ್ತರದ ಮರದ ಹುಟ್ಟು. ಅದರ ತುದಿಗೆ ನಿನ್ನೆಯ ಆಲೂಗಡ್ಡೆ ಅಂಟಿತ್ತು. "ಇನ್ನೂರು ಜನರ ಹಂಡೆ ಒಬ್ನೇ ತೊಳಸ್ತೀನಿ ಸ್ವಾಮಿ. ಒಲೆ ಎಲ್ಲಿ ಹಾಕಿದೀರಿ?"

ಮೂರನೆಯವನು ಕೊಡೆ ಮತ್ತು ಫೈಲು ಹಿಡಿದ ಸಣ್ಣ ಮನುಷ್ಯ. ಹುಟ್ಟು-ಸಾವು ನೋಂದಣಿ ಕಚೇರಿಯ ಗುಮಾಸ್ತ. "ಇಪ್ಪತ್ತೆರಡು ವರ್ಷ ಅನುಭವ. ಆದ್ರೆ ಮೊದ್ಲೇ ಹೇಳಿಬಿಡ್ತೀನಿ, ನಂದು ಹುಟ್ಟು ಮಾತ್ರ. ಸಾವು ಪಕ್ಕದ ಕಿಟಕಿ."

ಮೇಸ್ತ್ರಿ ಹೊಟ್ಟೆ ಹಿಡಿದು ಹುಲ್ಲಿನ ಮೇಲೆ ಕೂತುಬಿಟ್ಟ. ದಡದಲ್ಲಿ ಕೂತಿದ್ದ ಮುಚ್ಚಳದ ಹೆಂಡತಿ ಹೊಲಿಗೆಯಲ್ಲಿ ಮುಖ ಹುದುಗಿಸಿದಳು. ಬೆರಳಿಗೆ ಸೂಜಿ ಚುಚ್ಚಿಕೊಂಡದ್ದೂ ತಿಳಿಯಲಿಲ್ಲ.

ಮುಚ್ಚಳ ಮೂವರನ್ನೂ ನೋಡಿದರು. ಹೆಂಡತಿಯನ್ನು ನೋಡಿದರು. ಮತ್ತೆ ಮೂವರನ್ನು ನೋಡಿದರು.

"ಕೂರೋಕೆ ಬರತ್ತಾ?" ಎಂದು ಕೇಳಿದರು.

"ಕೂರೋಕೆ ಯಾರಿಗಪ್ಪ ಬರಲ್ಲ?" ಎಂದಳು ದಾದಿ.

"ಹಾಗಾದ್ರೆ ಕೂತ್ಕೊಳ್ಳಿ."

ಕೂತರು. ಮೂವರಿಗೂ ಭಾನುವಾರ ಬೇರೆ ಕೆಲಸವಿರಲಿಲ್ಲ.

ನಾಲ್ಕನೆಯವನು ನಿಜವಾದವನು. ಮೋಟಾರ್ ಸೈಕಲ್ಲಿನಲ್ಲಿ ಬಂದ. ಕಪ್ಪು ಕನ್ನಡಕ, ಬಟ್ಟೆಯ ಚೀಲದಲ್ಲಿ ಸ್ವಂತ ಹುಟ್ಟು, ಏಳು ಊರಿನ ಪಂದ್ಯ ಗೆದ್ದವನು. ತಗಡಿನ ಕೊಂಬು ನೋಡಿದ. ನೀರು ತೊಳಸುತ್ತಿದ್ದ ಅಡುಗೆಯವನನ್ನು ನೋಡಿದ. ಮೇಸ್ತ್ರಿಯ ನಾಡಿ ಹಿಡಿದು ಕೂತಿದ್ದ ದಾದಿಯನ್ನು ನೋಡಿದ. "ಇದು ಯಾವ ಶಿಬಿರ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದ.

"ಅನುಭವ ಅಂದ್ರೆ ಅದು ನೋಡಿ," ಎಂದ ಮೇಸ್ತ್ರಿ. "ಒಂದೇ ಸಲಕ್ಕೆ ಅರ್ಥವಾಗೋಯ್ತು."

ಆರು ಭಾನುವಾರ ಅಭ್ಯಾಸ ನಡೆಯಿತು. ಅಡುಗೆಯವನು ಕೂತ ಕಡೆಗೆ ದೋಣಿ ಸುತ್ತುತ್ತಿತ್ತು.

"ಎಳೀಬೇಕಯ್ಯ, ತೊಳಸಬಾರದು!"

"ತೊಳಸದಿದ್ರೆ ತಳ ಹಿಡಿಯತ್ತೆ ಸ್ವಾಮಿ."

ಗುಮಾಸ್ತ ಪ್ರತಿ ಲೆಕ್ಕಕ್ಕೂ ಕೈ ಎತ್ತುತ್ತಿದ್ದ. "ಎರಡು ಅಂದ್ರಾ ಮೂರು ಅಂದ್ರಾ? ಸರಿಯಾಗಿ ಹೇಳಿ. ಆಮೇಲೆ ತಿದ್ದೋಕಾಗಲ್ಲ." ದಾದಿಯ ಬಾಯಿಗೆ "ಎಳಿ" ಎಂಬ ಮಾತೇ ಬರುತ್ತಿರಲಿಲ್ಲ. ಮುಚ್ಚಳ ಎಳೀರಿ ಎಂದಾಗೆಲ್ಲ ಅವಳು ಪಕ್ಕದವನ ಬೆನ್ನು ತಟ್ಟಿ "ನೂಕಪ್ಪ, ನೂಕು, ಹೆದರಬೇಡ," ಎನ್ನುತ್ತಿದ್ದಳು. ಅವನಿಗೆ ಐವತ್ತೆಂಟು ವರ್ಷ.

ಮನೆಗೆ ಬಂದು ಮುಚ್ಚಳ ತಟ್ಟೆಯ ಮುಂದೆ ಕೂತು ದೂರತೊಡಗಿದರು. "ಆ ಗುಮಾಸ್ತ ಇವತ್ತು ಏನಂದ ಗೊತ್ತೇನೇ? ದೋಣಿ ಹುಟ್ಟಿದ ತಾರೀಕು ಕೇಳ್ದ." ಆ ದಿನ ಮೂವತ್ತು ಮಾತಾಯಿತು. ಮುಂದಿನ ವಾರ ತೊಂಬತ್ತು. ಒಂದು ದಿನ ಅಡುಗೆಯವನು ಹುಟ್ಟಿನ ತುದಿಯಿಂದ ಕೆರೆಯ ನೀರಿನ ರುಚಿ ನೋಡಿದ್ದನ್ನು ಮಾಡಿ ತೋರಿಸಲು ಹೋಗಿ ಅವರಿಗೆ ಅನ್ನ ನೆತ್ತಿಗೆ ಹತ್ತಿತು. ಅವಳು ಬೆನ್ನು ಗುದ್ದಿದಳು. ಇಬ್ಬರೂ ನಕ್ಕರು. ಅಲ್ಲಿಂದ ಅವಳು ಎಣಿಸುವುದನ್ನು ಬಿಟ್ಟಳು.

ಪಂದ್ಯದ ದಿನ ಹತ್ತೊಂಬತ್ತೇ ಜನ. ಸೀಟಿ ಹಿಡಿದ ಸಮಿತಿಯವನು ಬೆರಳು ಮಾಡಿ ಎರಡು ಸಲ ಎಣಿಸಿದ. "ಇಪ್ಪತ್ತು ಇಲ್ದೆ ಹಗ್ಗ ಬಿಚ್ಚಲ್ಲ." ಆಚೆ ಬ್ಯಾಂಕಿನವರು ಒಂದೇ ಬಣ್ಣದ ಟೋಪಿ ಹಾಕಿಕೊಂಡು ಈ ದೋಣಿಯ ಉದ್ದವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದರು.

ಮುಚ್ಚಳ ದಡದ ಕಡೆ ತಿರುಗಿದರು. "ಬಾರೇ."

"ನಾನಾ? ನಂಗೆ ಈಜು ಬರಲ್ಲ ರೀ!"

"ನಂಗೂ ಬರಲ್ಲ."

ಹನ್ನೊಂದು ವರ್ಷ ಅವಳು ಇದನ್ನು ತಿಳಿಯದೆ ದಡದಲ್ಲಿ ಕೂತು ಗುಂಡಿ ಹೊಲಿದಿದ್ದಳು. ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ತಲೆಯ ಮೇಲಿಂದ ರಬ್ಬರಿನ ಜಾಕೆಟ್ ಇಳಿಸಿದರು.

"ಕಾರ್ಖಾನೆಯವರಾ?" ಎಂದ ಸಮಿತಿಯವನು.

"ಅಲ್ಲ."

"ಹೊರಗಿನವರು. ಅನುಭವ?"

"ಇವರ ಜೊತೆ ಇಪ್ಪತ್ತಾರು ವರ್ಷ."

ಅವನು ಮುಚ್ಚಳವನ್ನು ಒಮ್ಮೆ ನೋಡಿ, ಪಟ್ಟಿಯಲ್ಲಿ ಅನುಭವಸ್ಥರು ಎಂದು ಬರೆದುಕೊಂಡ.

ಅವಳನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಎದುರಿಗೇ ಗಂಡ. ಕೂಗುವಾಗ ಅವರ ಮುಖ ಹೇಗಿರುತ್ತದೆ ಎಂದು ಅವಳು ಹತ್ತಿರದಿಂದ ನೋಡಿರಲಿಲ್ಲ. ಕಣ್ಣು ದೊಡ್ಡದಾಗುತ್ತಿತ್ತು. ಕತ್ತಿನ ನರ ಉಬ್ಬುತ್ತಿತ್ತು. ಮದುವೆಯ ದಿನ ಕೂಡ ಇಷ್ಟು ಚೆನ್ನಾಗಿ ಕಂಡಿರಲಿಲ್ಲ.

"ಎಳಿಯೇ! ನನ್ನ ಮುಖ ಏನ್ ನೋಡ್ತೀಯ!"

ಬೇರೆ ಮೂರು ದೋಣಿ ಕಣ್ಣಿಗೆ ಕಾಣದಂತೆ ಹೋದವು. ಇವರದು ಅರ್ಧ ದಾರಿ ನೆಟ್ಟಗೆ ಹೋಯಿತು. ಆಮೇಲೆ ಅಡುಗೆಯವನಿಗೆ ಹುರುಪು ಬಂತು. ದೋಣಿ ನಿಧಾನವಾಗಿ ತಿರುಗಿ, ಜೊಂಡಿನ ಕಡೆ ಹೊರಟು, ಕೆಸರಿನಲ್ಲಿ ಕಚಕ್ಕನೆ ಕೂತಿತು.

"ತಳ ಹಿಡೀತು!" ಎಂದು ಅಡುಗೆಯವನು ಕೂಗಿದ. "ನಾನು ಆರು ವಾರದಿಂದ ಹೇಳ್ತಾನೇ ಇದೀನಿ!"

ಮುಚ್ಚಳ ಬಡಿದರು, ಕೂಗಿದರು. ದೋಣಿ ಜಪ್ಪಯ್ಯ ಎಂದರೂ ಕದಲಲಿಲ್ಲ. ದೂರದ ಮೈಕಿನಲ್ಲಿ ಬಹುಮಾನ ಕೊಡುವುದು ಕೇಳುತ್ತಿತ್ತು. ಮುಚ್ಚಳ ಬಡಿಯುವುದನ್ನು ನಿಲ್ಲಿಸಿದರು. ಕೋಲು ತೊಡೆಯ ಮೇಲೆ ಇಟ್ಟುಕೊಂಡರು. ಅವರ ಬಾಯಿ ಮುಚ್ಚಿಕೊಳ್ಳುವುದನ್ನು ಅವಳು ಎದುರಿಗೇ ನೋಡಿದಳು.

ಆಗ ದಾದಿ ಎದ್ದು ನಿಂತಳು.

"ಎಲ್ರೂ ಗಲಾಟೆ ನಿಲ್ಸಿ. ಹುಟ್ಟು ಕೆಸರಿಗೆ ಊರಿ. ಉಸಿರು ಒಳಗೆ ತಗೊಳ್ಳಿ. ಹಿಡ್ಕೊಳ್ಳಿ. ನಾನು ಹೇಳೋವರ್ಗೂ ಬಿಡಬೇಡಿ. ಈಗ ನೂಕಿ!"

ಕೆಸರಿನಲ್ಲಿ ನೂಕುವುದೇ ಸರಿ. ಹತ್ತೊಂಬತ್ತು ಜನ ಮುಖ ಕೆಂಪಗೆ ಮಾಡಿಕೊಂಡು ನೂಕಿದರು. ಮೇಸ್ತ್ರಿ ನರಳಿದ.

"ಕಿರಿಚಬೇಡ, ಶಕ್ತಿ ಹೋಗತ್ತೆ! ಇನ್ನೊಂದ್ಸಲ! ಬಂತು, ಬಂತು, ತಲೆ ಬಂತು!"

ಡ್ರ್ಯಾಗನ್ ತಲೆ ಜೊಂಡು ಸೀಳಿ ಹೊರಗೆ ಬಂತು. ಹಿಂದೆಯೇ ಮೈ ಜಾರಿತು.

"ಟೈಮ್ ಎಷ್ಟು?" ಎಂದಳು ದಾದಿ, ಅಭ್ಯಾಸಬಲದಿಂದ.

"ಹನ್ನೊಂದು ಇಪ್ಪತ್ತೇಳು," ಎಂದು ಗುಮಾಸ್ತ ಅಂಗೈ ಮೇಲೆ ಬರೆದುಕೊಂಡ.

ಗುರಿಯ ಹಗ್ಗವನ್ನು ಆಗಲೇ ಸುತ್ತುತ್ತಿದ್ದರು. ಕುರ್ಚಿಗಳು ಲಾರಿ ಏರಿದ್ದವು. ಸಮಿತಿಯವನು ಬಾಯಿ ತುಂಬ ತಿಂಡಿ ಇಟ್ಟುಕೊಂಡು ಎದ್ದು, ಇಪ್ಪತ್ತು ತಲೆ ಎಣಿಸಿ, ಬೇರೆ ಏನೂ ಸಿಗದೆ ಕರವಸ್ತ್ರ ಬೀಸಿದ. ದೋಣಿ ಇವರದೇ ಆಗಿ ಉಳಿಯಿತು. ಬ್ಯಾಂಕಿನವರು ಟೋಪಿ ತೆಗೆದರು. ಮುಚ್ಚಳ ಕೆರೆಯಿಂದ ಮನೆಯವರೆಗೆ ಮಾತಾಡುತ್ತಲೇ ಬಂದರು. ಬಸ್ಸಿನಲ್ಲಿ ಜನ ತಿರುಗಿ ತಿರುಗಿ ನೋಡಿದರು. ಕಿವಿ ಕೇಳದವರು, ಜೋರಾಗಿಯೇ ಮಾತು.

ಎಂಟು ತಿಂಗಳು ಹಾಗೇ ಮಾತಾಡಿದರು. ಒಂಬತ್ತನೆಯ ತಿಂಗಳು, ಒಂದು ಮಂಗಳವಾರ, ಯಂತ್ರದ ಮುಂದೆ ನಿಂತಲ್ಲೇ ಕುಸಿದರು. ಎದೆ. ಮುಚ್ಚಳವಿಲ್ಲದ ಡಬ್ಬಿಗಳು ಬೆಲ್ಟಿನ ಮೇಲೆ ಹೋಗುತ್ತಲೇ ಇದ್ದವು. ನಲವತ್ತು ಡಬ್ಬಿ ಹೋದ ಮೇಲೆ ಯಾರೋ ತಿರುಗಿ ನೋಡಿದರು.

ಅವಳು ನೋಂದಣಿ ಕಚೇರಿಗೆ ಹೋದಳು. ಸಾವಿನ ಕಿಟಕಿಯಲ್ಲಿ ಸಾಲು ಉದ್ದವಿತ್ತು. ಹುಟ್ಟಿನ ಕಿಟಕಿಯಿಂದ ಗುಮಾಸ್ತ ಅವಳನ್ನು ಕಂಡ. ಬೆಳಿಗ್ಗೆ ಹತ್ತೂವರೆಗೆ "ಊಟದ ಸಮಯ" ಎಂಬ ಹಲಗೆ ನೇತುಹಾಕಿ ಪಕ್ಕಕ್ಕೆ ಬಂದ. ಅಲ್ಲಿದ್ದವನಿಗೆ "ಸ್ವಲ್ಪ ಏಳಪ್ಪ" ಎಂದ. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಆ ಕುರ್ಚಿಯಲ್ಲಿ ಕೂತ.

ಹೆಸರು ಕೇಳಿದ. ಹೇಳಿದಳು.

"ಇದಾ ಅವ್ರ ಹೆಸ್ರು?" ಎಂದ. ಯಾರಿಗೂ ಗೊತ್ತಿರಲಿಲ್ಲ. "ಕಸುಬು?"

"ಡೋಲು ಅಂತ ಬರೀರಿ."

"ಅಕ್ಕಾ, ಕಾರ್ಖಾನೆ ಅಂತ ಬರೀಬೇಕು. ಮೇಲಿನವರು ಕೇಳ್ತಾರೆ."

"ಕೇಳ್ಲಿ."

ಅವನು ಪೆನ್ನು ಎತ್ತಿಕೊಂಡ. "ಆಮೇಲೆ ತಿದ್ದೋಕಾಗಲ್ಲ."

"ತಿದ್ದೋದು ಬೇಡ."

ಬರೆದ. ಅಕ್ಷರ ಸ್ವಲ್ಪ ಓರೆಯಾಯಿತು.

ಭಾನುವಾರ ಏಳು ಗಂಟೆಗೆ ಅವಳು ಕೆರೆಗೆ ಹೋದಳು. ಎಲ್ಲರೂ ಬಂದಿದ್ದರು. ಡೋಲಿನ ಜಾಗದಲ್ಲಿ ಯಾರೂ ಕೂರಲಿಲ್ಲ, ಕೂರು ಎಂದು ಯಾರೂ ಹೇಳಲಿಲ್ಲ. ಅವಳು ಮೊದಲ ಸಾಲಿನಲ್ಲಿ ತನ್ನ ಜಾಗದಲ್ಲಿ ಕೂತಳು. ಎದುರಿಗೆ ಖಾಲಿ ಹಲಗೆ, ಅದರಾಚೆ ತಗಡಿನ ಕೊಂಬು. ದೋಣಿ ಹೊರಟಿತು. ಲೆಕ್ಕವಿಲ್ಲದೆ ಒಂದೊಂದು ಹುಟ್ಟು ಒಂದೊಂದು ಕಡೆ ಬಿತ್ತು. ಅಡುಗೆಯವನು ತೊಳಸಿದ. ದೋಣಿ ಕೆರೆಯ ನಡುವೆ ಸುಮ್ಮನೆ ಸುತ್ತತೊಡಗಿತು. ಒಂದು ಸುತ್ತು. ಎರಡು ಸುತ್ತು. ಅಡುಗೆಯವನನ್ನು ಯಾರೂ ಬೈಯಲಿಲ್ಲ. ಮೇಸ್ತ್ರಿ ಕೂಡ.

ಅವಳು ಹುಟ್ಟನ್ನು ಒಳಗಿಟ್ಟು, ದೋಣಿಯ ಅಂಚು ಹಿಡಿದು, ತೆವಳಿಕೊಂಡು ಮುಂದೆ ಹೋಗಿ ಆ ಹಲಗೆಯ ಮೇಲೆ ಕೂತಳು. ಹತ್ತೊಂಬತ್ತು ಮುಖ ಅವಳನ್ನು ನೋಡುತ್ತಿದ್ದವು.

"ಸತ್ತಿದೀರೇನ್ರೋ!" ಎಂದಳು.

ಬಾಯಿಂದ ಬಂದ ಮೇಲೆ ತಾನು ಏನಂದೆ ಎಂದು ಅವಳಿಗೇ ಕೇಳಿಸಿತು.

"ಇಲ್ಲ ಕಣಮ್ಮ," ಎಂದಳು ದಾದಿ ಮೂರನೆಯ ಸಾಲಿನಿಂದ. "ಇದೀವಿ. ಎಣಿಸು."

ಅವಳು ಕೋಲು ಎತ್ತಿಕೊಂಡಳು.

"ಒಂದು," ಎಂದಳು.