ನನ್ನ ಗಂಡನ ತಲೆ, ಡಾಕ್ಟರಬಾಯಿಯ ಟೋಪಿ

ಕಳೆದ ತಿಂಗಳು ನನ್ನ ಗಂಡ ಬೇರೊಬ್ಬ ಹೆಂಗಸು ಕೊಟ್ಟ ಟೋಪಿ ಹಾಕಿಕೊಂಡು ಮನೆಗೆ ಬಂದರು.

ಗಾಬರಿಯಾಗಬೇಡಿ. ವಿಷಯ ನೀವು ತಿಳಿದಷ್ಟು ರಸವತ್ತಾಗಿಲ್ಲ. ನನ್ನವರು ರೋಣದ ದನದ ಡಾಕ್ಟರು. ಜಕ್ಕಲಿ, ಯಾವಗಲ್, ಲಕ್ಕಲಕಟ್ಟಿ, ಎಲ್ಲಿ ಎಮ್ಮೆ ಮೇವು ಬಿಟ್ಟರೂ ಇವರು ಕುದುರೆ ಹತ್ತಬೇಕು. (ಜೀಪು ಬರುತ್ತದೆ ಎಂದು ಮುಂಬಯಿ ಸರ್ಕಾರ ಇದ್ದಾಗಲೂ ಕೇಳಿದ್ದೆವು, ಮೈಸೂರಿಗೆ ಸೇರಿದ ಮೇಲೂ ಕೇಳುತ್ತಿದ್ದೇವೆ.) ಆ ಕುದುರೆಯೋ, ಮಹಾ ಪುಕ್ಕಲು. ಗಾಳಿಗೆ ಕಾಗದ ಹಾರಿದರೂ ಬೆಚ್ಚುತ್ತದೆ.

ಎಂಟು ವರ್ಷಗಳಿಂದ ನಾನು ಹೇಳುತ್ತಲೇ ಬಂದಿದ್ದೆ. "ಅಲ್ರೀ, ಬರೇ ತಲೀಲೆ ಹೋಗಬ್ಯಾಡ್ರಿ. ದಪ್ಪನ್ನ ರುಮಾಲರ ಸುತ್ಕೊಳ್ರಿ. ಬಿದ್ರ ಹ್ಯಾಂಗ?"

"ನಾ ಏನ್ ಸಣ್ಣ ಕೂಸೇನ?" ಎಂದು ನಕ್ಕು ಹೋಗುತ್ತಿದ್ದರು.

ಈ ವರ್ಷ ನಮ್ಮೂರ ದವಾಖಾನೆಗೆ ಲೇಡಿ ಡಾಕ್ಟರು ಬಂದರು. ಬೆಳಗಾವಿ ಕಡೆಯವರು. ವಯಸ್ಸು ನನ್ನದೇ, ಎತ್ತರ ನನಗಿಂತ ಒಂದು ಗೇಣು ಹೆಚ್ಚು. ಪುಣೆಯಲ್ಲಿ ಓದುವಾಗ ಕುದುರೆ ಸವಾರಿ ಕಲಿತವರಂತೆ. (ನಾನು ಪುಣೆಯನ್ನು ರೈಲಿನ ಕಿಟಕಿಯಿಂದ ನೋಡಿದ್ದೇನೆ.) ಒಂದು ದಿನ ನನ್ನವರನ್ನು ರಸ್ತೆಯಲ್ಲೇ ತಡೆದು, "ಡಾಕ್ಟರ, ಹೆಲ್ಮೆಟ್ ಇಲ್ದೆ ಕುದುರಿ ಹತ್ತಬಾರದ್ರಿ" ಎಂದರಂತೆ. ಮನೆಗೆ ಕರೆದು ತಮ್ಮ ಅಣ್ಣನ ಹಳೆಯದೊಂದನ್ನು ಕೊಟ್ಟೇಬಿಟ್ಟರು. ಒಳಗೆ ಬೆಂಡು, ಮೇಲೆ ಕರಿಬಟ್ಟೆ, ಗದ್ದದ ಕೆಳಗೆ ಬಿಗಿಯಲು ಚರ್ಮದ ಪಟ್ಟಿ. ಥೇಟ್ ಬೋರಲು ಹಾಕಿದ ಬೋಗುಣಿ.

ಇವರು ಹಾಕಿಕೊಂಡರು. ಒಂದೇ ಮಾತಿಗೆ!

"ನಾ ಹೇಳಿದ್ದೂ ಇದನ್ನ ಅಲ್ಲೇನ್ರಿ?" ಎಂದೆ.

"ನೀ ಅಂಜಿ ಹೇಳ್ತಿದ್ದಿ. ಅವರು ತಿಳದು ಹೇಳ್ಯಾರ."

ಅಂದು ರೊಟ್ಟಿ ಎಷ್ಟು ಜೋರಾಗಿ ಬಡಿದೆನೆಂದರೆ ಪಕ್ಕದ ಮನೆಯವರು ಏನಾಯಿತೆಂದು ಕೇಳಲು ಬಂದರು. ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಪಟ್ಟಿ ಬಿಗಿಯುವುದೇನು, ಸಂಜೆ ಧೂಳು ಒರೆಸಿ ಗೂಟಕ್ಕೆ ತೂಗುಹಾಕುವುದೇನು! ನಾನು ಇವರಿಗೆಂದು ಹೆಣೆದ ಸ್ವೆಟರು ಟ್ರಂಕಿನ ತಳದಲ್ಲೇ ಬಿದ್ದಿತ್ತು. ಒಪ್ಪಿಕೊಳ್ಳುತ್ತೇನೆ, ಬಾವಿಗೆ ಬೀಳಲಿ ಎಂದು ದೇವರಲ್ಲಿ ಬೇಡಿಕೊಂಡೆ. (ಟೋಪಿ, ಗಂಡನಲ್ಲ.)

ಹದಿನೈದು ದಿನದ ಹಿಂದೆ ಯಾವಗಲ್ ದಾರಿಯಲ್ಲಿ ಬಸ್ಸಿನ ಹಾರ್ನಿಗೆ ಕುದುರೆ ಬೆಚ್ಚಿತು. ಇವರು ಕೆಳಗೆ ಬಿದ್ದರು. ತಲೆ ನೇರ ಸೇತುವೆಯ ಕಲ್ಲಿಗೇ ಬಡಿಯಿತು. ಅದೇ ಬಸ್ಸಿನವರು ಮನೆಗೆ ಕರೆತಂದರು. ಕಂಡಕ್ಟರು ಹೆಲ್ಮೆಟ್ಟನ್ನು ನನ್ನ ಕೈಗಿಟ್ಟ. ಮುಂದಿನಿಂದ ಹಿಂದಿನವರೆಗೆ ಸೀಳಿತ್ತು.

"ಇದು ಇರದಿದ್ರ ಇವರ ತಲೀನ ಹಿಂಗ ಆಗ್ತಿತ್ರಿ, ಅಕ್ಕಾರ."

ನಾನು ಹೆಲ್ಮೆಟ್ಟನ್ನು ಕಟ್ಟೆಯ ಮೇಲಿಟ್ಟೆ. ಇವರ ತಲೆಯನ್ನು ಎರಡೂ ಕೈಯಿಂದ ತಡವಿದೆ. ಲಿಂಬೆಹಣ್ಣಿನಷ್ಟು ಬುಗುಟೆ. ಅಷ್ಟೇ.

ಮರುದಿನ ಶೇಂಗಾ ಉಂಡೆ ಕಟ್ಟಿಕೊಂಡು ಡಾಕ್ಟರಬಾಯಿಯ ಮನೆಗೆ ಹೋದೆ. "ನನ್ನ ಕುಂಕುಮ ಉಳಿಸಿದ್ರಿ" ಎಂದೆ. ಮನಸಾರೆ ಎಂದೆ. ಆದರೆ ಅವರು ಉಂಡೆ ತಿಂದು "ಭಾಳ ಚಲೋ ಆಗ್ಯಾವ್ರಿ" ಎಂದಾಗಲೂ ಹೊಟ್ಟೆಯ ಕಿಚ್ಚು ಆರಿರಲಿಲ್ಲ. ಪ್ರಾಣ ಉಳಿಸಿದವರ ಮೇಲೂ ಮತ್ಸರ! ಇಂಥ ಮನಸ್ಸಿಗೆ ಏನು ಹೇಳೋಣ?

ಅವರು ನಾನು ಬರೆಯುವ ಇದೇ ಪತ್ರಿಕೆಯನ್ನು ತಂದು, "ನಿಮ್ಮ ಅಂಕಣ ನೀವ ಓದಿ ತೋರಸ್ರಿ" ಎಂದರು. ಉಬ್ಬಿಹೋಗಿ ಓದತೊಡಗಿದೆ. ಎರಡು ಸಾಲು ಮುಗಿದಿರಲಿಲ್ಲ.

"ಏನ್ರೀ ಇದು, ಮೂಗಿಗೆ ಹಚ್ಚಿ ಓದ್ತೀರಿ? ಲಗೂ ಚಷ್ಮಾ ತಗೋರಿ!"

ಆ ವಾರವೇ ಗದಗಿಗೆ ಹೋಗಿ ಚಷ್ಮಾ ಮಾಡಿಸಿಕೊಂಡು ಬಂದೆ. ಹಾಕಿಕೊಂಡೇ ಮನೆಯೊಳಗೆ ಕಾಲಿಟ್ಟೆ. ಇವರು ನನ್ನನ್ನೇ ನೋಡಿದರು.

"ಎರಡ ವರ್ಷದಿಂದ ಚಷ್ಮಾ ತಗೋ, ಚಷ್ಮಾ ತಗೋ ಅಂತ ಬಡಕೊಳ್ಳಾಕತ್ತೇನಿ. ನನ್ನ ಮಾತು ಕಿವಿಗೇ ಬೀಳಲಿಲ್ಲ. ಆ ಬಾಯಾರು ಒಮ್ಮೆ ಅಂದ್ರ..."

ಇವರ ಮೋರೆ ಹುಳಿ ತಿಂದಂತಾಯಿತು. ಹೊಸ ಚಷ್ಮಾದಲ್ಲಿ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಆ ಮೋರೆಯ ಗುರುತು ನನಗೆ ಚೆನ್ನಾಗಿಯೇ ಇತ್ತು. ಒಂದು ತಿಂಗಳು ಕನ್ನಡಿಯಲ್ಲಿ ನೋಡಿದ್ದೆನಲ್ಲ!

ನಿಮ್ಮ ಮನೆಯಲ್ಲಿ ಹೇಗೆ? ನಿಮ್ಮ ಮಾತು ನಡೆಯಬೇಕಾದರೆ ಅದು ಯಾರ ಬಾಯಿಂದ ಬರಬೇಕು?